ಅಲ್ಸರ್‌ಗೆ 14 ದಿನದ ಕೋರ್ಸ್ ಇದೆ, ನಾವು ನುಂಗುತ್ತಿರುವುದು ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ

ಯಶವಂತಪುರದ ಎಪಿಎಂಸಿ ಯಾರ್ಡ್ ಕಡೆ ಬೆಳಗ್ಗೆ ಹೊತ್ತು ಮೆಡಿಕಲ್ ಸ್ಟೋರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣ, ಸೊಂಟ ನೋವಿಗೆ ಒಂದು ಕೊಡಿ, ಜೊತೆಗೆ ಗ್ಯಾಸ್ಟ್ರಿಕ್‌ದೂ ಒಂದು." ಮೂಟೆ ಹೊತ್ತು ಬಂದವರು, ಖಾಲಿ ಹೊಟ್ಟೆಗೆ ಟೀ ಕುಡಿದವರು. ನೋವಿನ ಮಾತ್ರೆ ಹೊಟ್ಟೆ ಸುಡುತ್ತದೆ ಅಂತ ಅವರಿಗೂ ಗೊತ್ತು. ಅದಕ್ಕೇ ಆ ಎರಡನೇ ಮಾತ್ರೆ.

ನಮ್ಮಲ್ಲಿ ಎದೆ ಉರಿಗೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್, ನಿಜವಾದ ಹುಣ್ಣಿಗೂ ಗ್ಯಾಸ್ಟ್ರಿಕ್. ಒಂದೇ ಹೆಸರು, ಒಂದೇ ಮಾತ್ರೆ. ನನ್ನ ತಕರಾರು ಇರುವುದು ಇಲ್ಲೇ. ಹೊಟ್ಟೆಯಲ್ಲಿ ಅಥವಾ ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಆಗುವ ಹುಣ್ಣು ಇವತ್ತು ವಾಸಿಯಾಗುವ ಕಾಯಿಲೆ. ಆದರೂ ಜನ ಅದನ್ನು ಬಿಪಿ, ಶುಗರ್ ಥರ ಜೀವನಪೂರ್ತಿ ಜೊತೆಗಿಟ್ಟುಕೊಂಡಿದ್ದಾರೆ.

ಖಾರ ತಿಂದಿದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ಅಲ್ಸರ್ ಆಯ್ತು ಅನ್ನುತ್ತೇವೆ. ಉರಿ ಹೆಚ್ಚಾಗಬಹುದು, ಆದರೆ ಹುಣ್ಣಿಗೆ ಮುಖ್ಯ ಕಾರಣ ಎರಡೇ. ಒಂದು, ಎಚ್. ಪೈಲೋರಿ ಎಂಬ ರೋಗಾಣು. ಇನ್ನೊಂದು, ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆ. ಬೀಡಿ ಸಿಗರೇಟು ಸೇರಿದರೆ ಹುಣ್ಣು ಮಾಯುವುದು ಇನ್ನೂ ತಡ.

ಹಿಂದೆ ಇದಕ್ಕೆ ಕತ್ತರಿಯೇ ದಾರಿ. 1950-60ರ ದಶಕದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಸರ್ಜನ್ ಇದ್ದರು. ಅನ್ನ ಉಣ್ಣುವ ದಕ್ಷಿಣದ ಸೀಮೆಗಳಲ್ಲಿ ಈ ಹುಣ್ಣು ಜಾಸ್ತಿ, ಗೋಧಿ ತಿನ್ನುವ ಉತ್ತರದಲ್ಲಿ ಕಮ್ಮಿ ಅಂತ ಗಮನಿಸಿ ವರ್ಷಗಟ್ಟಲೆ ಅದನ್ನೇ ಅಧ್ಯಯನ ಮಾಡಿದರು. (ಹಾಗಂತ ಮುದ್ದೆ ಉಂಡವರಿಗೆ ಅಲ್ಸರ್ ಬರಲ್ಲ ಅಂತ ಯಾರೂ ಅಂದುಕೊಳ್ಳಬೇಡಿ.) ಆ ಕಾಲದಲ್ಲಿ ಆಸಿಡ್ ಕಮ್ಮಿ ಮಾಡಲು ಹೊಟ್ಟೆಗೆ ಹೋಗುವ ನರವನ್ನೇ ಕತ್ತರಿಸುತ್ತಿದ್ದರು.

ಆಮೇಲೆ ರಾನಿಟಿಡಿನ್ ಬಂತು. 1988ರಲ್ಲಿ ಸ್ವೀಡನ್ನಿನ ಆಸ್ಟ್ರಾ ಕಂಪನಿ ಒಮೆಪ್ರಜೋಲ್ ಮಾರುಕಟ್ಟೆಗೆ ತಂದಿತು. ಈ ಕಂಪನಿ ಮುಂದೆ ಆಸ್ಟ್ರಾಜೆನೆಕಾ ಆಯಿತು. ಬಳ್ಳಾರಿ ರಸ್ತೆಯಲ್ಲಿ ಓಡಾಡುವವರಿಗೆ ಯಲಹಂಕದ ಕಟ್ಟಿಗೇನಹಳ್ಳಿಯಲ್ಲಿದ್ದ ಅದರ ಕಾರ್ಖಾನೆ ನೆನಪಿರುತ್ತದೆ. ನಾವು ಇವತ್ತು ನುಂಗುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲ ಆ ಒಮೆಪ್ರಜೋಲ್‌ನ ತಮ್ಮಂದಿರು. ಒಳ್ಳೆಯ ಔಷಧಿಗಳೇ. ಆಸಿಡ್ ನಿಲ್ಲುತ್ತದೆ, ಹುಣ್ಣು ಮಾಯುತ್ತದೆ. ಆದರೆ ರೋಗಾಣು ಒಳಗೇ ಉಳಿದಿದ್ದರೆ, ಮಾತ್ರೆ ಬಿಟ್ಟ ಮೇಲೆ ಬಹಳ ಜನರಿಗೆ ಹುಣ್ಣು ವಾಪಸ್ ಬರುತ್ತದೆ.

ಆ ರೋಗಾಣುವನ್ನು ಹಿಡಿದುಕೊಟ್ಟವರು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್. ಯಾರೂ ನಂಬಲಿಲ್ಲ ಅಂತ ಮಾರ್ಷಲ್ 1984ರಲ್ಲಿ ಆ ರೋಗಾಣು ಬೆಳೆಸಿದ ದ್ರವವನ್ನೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮೂರಿನ ಮೆಡಿಕಲ್ ಶಾಪ್ ಕೌಂಟರ್‌ಗೆ ಮಾತ್ರ ಆ ಸುದ್ದಿ ಇನ್ನೂ ಪೂರ್ತಿ ಬಂದಿಲ್ಲ.

ಚಿಕಿತ್ಸೆ ಹೀಗೆ: ಆಸಿಡ್ ಕಮ್ಮಿ ಮಾಡುವ ಮಾತ್ರೆಯ ಜೊತೆ ಎರಡು ಆಂಟಿಬಯೋಟಿಕ್, ಕೆಲವರಿಗೆ ಬಿಸ್ಮತ್ ಕೂಡ, ಸಾಮಾನ್ಯವಾಗಿ 14 ದಿನ. ದಿನಕ್ಕೆ ಹಿಡಿಗಟ್ಟಲೆ ಮಾತ್ರೆ. ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಬಿಸ್ಮತ್ ಇದ್ದರೆ ಮಲ ಕಪ್ಪಗಾಗುತ್ತದೆ. ಮೆಟ್ರೊನಿಡಜೋಲ್ ಇದ್ದರೆ ಎಣ್ಣೆ ಹಾಕುವಂತಿಲ್ಲ. ಇದನ್ನೆಲ್ಲ ಮೊದಲೇ ಹೇಳದಿದ್ದರೆ ಜನ ಹೆದರಿ ಐದನೇ ದಿನಕ್ಕೆ ನಿಲ್ಲಿಸುತ್ತಾರೆ. ಅರ್ಧ ಕೋರ್ಸ್ ಅಂದರೆ ರೋಗಾಣುವಿಗೆ ತಾಲೀಮು ಕೊಟ್ಟ ಹಾಗೆ.

ತಾಲೀಮು ಈಗಾಗಲೇ ಸಾಕಷ್ಟು ಆಗಿದೆ. ಭೇದಿ ಆದರೆ ಎರಡು ಮೆಟ್ರೊನಿಡಜೋಲ್, ನೆಗಡಿ ಆದರೆ ಮೂರು ಅಜಿತ್ರೊಮೈಸಿನ್, ಚೀಟಿ ಇಲ್ಲದೆ. ಇದರ ಫಲವಾಗಿ ನಮ್ಮ ದೇಶದ ಎಚ್. ಪೈಲೋರಿ ಮೆಟ್ರೊನಿಡಜೋಲ್‌ಗೆ ಬಹಳ ಕಡೆ ಬಗ್ಗುತ್ತಿಲ್ಲ. ಅಜಿತ್ರೊಮೈಸಿನ್‌ನ ದಾಯಾದಿಯಾದ ಕ್ಲಾರಿತ್ರೊಮೈಸಿನ್ ಕೂಡ ಸೋಲುತ್ತಿದೆ. ಚಿಕಿತ್ಸೆ ಸುಧಾರಿಸಬೇಕು ಅಂದರೆ ಹೊಸ ಮಾತ್ರೆಗೆ ಕಾಯುವುದಕ್ಕಿಂತ ಮೊದಲು ಇದನ್ನು ನಿಲ್ಲಿಸಬೇಕು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಎಚ್. ಪೈಲೋರಿ ಇದೆಯಾ ಅಂತ ನೋಡಲು ಮಲ ಪರೀಕ್ಷೆ ಇದೆ, ಉಸಿರಿನ ಪರೀಕ್ಷೆ ಇದೆ. ಎಲ್ಲರಿಗೂ ಎಂಡೋಸ್ಕೋಪಿ ಬೇಕಾಗುವುದಿಲ್ಲ. ಆದರೆ ದಿನಾ ಗ್ಯಾಸ್ಟ್ರಿಕ್ ಮಾತ್ರೆ ತಿನ್ನುವವರಲ್ಲಿ ರೋಗಾಣು ತಾತ್ಕಾಲಿಕವಾಗಿ ತಗ್ಗಿ, ಇದ್ದರೂ "ಇಲ್ಲ" ಅಂತ ರಿಪೋರ್ಟ್ ಬರಬಹುದು. ಟೆಸ್ಟ್‌ಗೆ ಎರಡು ವಾರ ಮೊದಲು ಆ ಮಾತ್ರೆ, ನಾಲ್ಕು ವಾರ ಮೊದಲು ಆಂಟಿಬಯೋಟಿಕ್ ನಿಲ್ಲಿಸಿರಬೇಕು. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಹೃದಯದ ಕಾಯಿಲೆಗೆ ಆಸ್ಪಿರಿನ್ ತಗೊಳ್ಳುವವರಂತೂ ಯಾವುದನ್ನೂ ಸ್ವಂತ ಬುದ್ಧಿಯಿಂದ ಬಿಡಬಾರದು.

ಈ ರೋಗಾಣು ನಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿದೆ, ಹೆಚ್ಚಿನವರಿಗೆ ಹುಣ್ಣು ಆಗುವುದೇ ಇಲ್ಲ. ಹಾಗಾಗಿ ಗ್ಯಾಸ್ ಆದವರೆಲ್ಲ ಈ ಕೋರ್ಸ್ ನುಂಗಿ ಅಂತ ನಾನು ಹೇಳುತ್ತಿಲ್ಲ. ವಾರಗಟ್ಟಲೆ ಹೊಟ್ಟೆ ನೋವು ಹೋಗದವರಿಗೆ, ಹಿಂದೆ ಅಲ್ಸರ್ ಆಗಿದ್ದವರಿಗೆ ಟೆಸ್ಟ್ ಮಾಡಿ ಅನ್ನುತ್ತಿದ್ದೇನೆ.

ಈ ಕೆಲಸ ಯಲಹಂಕದ ಸರ್ಕಾರಿ ಆಸ್ಪತ್ರೆಯಲ್ಲಿ, ಆರ್.ಟಿ. ನಗರ, ಹೆಬ್ಬಾಳದ ಕಡೆಯ ನಮ್ಮ ಕ್ಲಿನಿಕ್‌ಗಳಲ್ಲಿ, ಹಳ್ಳಿಯ ಪಿಎಚ್‌ಸಿಯಲ್ಲಿ ಆಗಬೇಕು. ಟಿಬಿಗೆ ಪುಕ್ಕಟೆ ಪರೀಕ್ಷೆ, ಪೂರ್ತಿ ಕೋರ್ಸ್, ಮಾತ್ರೆ ನುಂಗಿದರಾ ಅಂತ ಆಶಾ ಕಾರ್ಯಕರ್ತೆಯ ವಿಚಾರಣೆ ಇವೆ. ಅಲ್ಸರ್‌ಗೆ ಆರು ತಿಂಗಳು ಬೇಕಿಲ್ಲ, ಎರಡೇ ವಾರ. ಮಲ ಪರೀಕ್ಷೆ ಮತ್ತು 14 ದಿನದ ಪೂರ್ತಿ ಪ್ಯಾಕ್ ಪುಕ್ಕಟೆ ಕೊಡಿ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಹಮಾಲರಿಗೆ ಯಾರ್ಡಿನೊಳಗೇ ವಾರಕ್ಕೊಮ್ಮೆ ಡಾಕ್ಟರ್ ಕೂರುವಂತಾದರೆ ಇನ್ನೂ ಒಳ್ಳೆಯದು. ಅವರಿಗೆ ಹಗಲು ಆಸ್ಪತ್ರೆಯ ಕ್ಯೂ ನಿಂತರೆ ಆ ದಿನದ ಕೂಲಿ ಹೋಯಿತು.

ಅಲ್ಲಿಯವರೆಗೆ ನಿಮ್ಮ ಕೈಲಿರುವುದು ಇಷ್ಟು. ಬಿಸ್ಮತ್ ತಗೊಳ್ಳದೆಯೇ ಮಲ ಟಾರಿನ ಹಾಗೆ ಕಪ್ಪಗಾದರೆ, ರಕ್ತ ವಾಂತಿಯಾದರೆ, ಹೊಟ್ಟೆಗೆ ಚೂರಿ ಹಾಕಿದಂತೆ ಇದ್ದಕ್ಕಿದ್ದಂತೆ ನೋವು ಬಂದರೆ ಮೆಡಿಕಲ್ ಸ್ಟೋರ್ ಅಲ್ಲ, ಆಂಬುಲೆನ್ಸ್‌ಗೆ 108. ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಬರೆದರೆ ಎಷ್ಟು ದಿನಕ್ಕೆ ಅಂತ ಕೇಳಿ. ಅದನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ, ಊಟ ಆದ ಮೇಲೆ ನುಂಗಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಎಚ್. ಪೈಲೋರಿ ಕೋರ್ಸ್ ಕೊಟ್ಟರೆ, ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ರೋಗಾಣು ಹೋಗಿದೆಯಾ ಅಂತ ಮತ್ತೆ ಟೆಸ್ಟ್ ಮಾಡಿಸಬೇಕು. ಆ ತಾರೀಖನ್ನು ಅವತ್ತೇ ಚೀಟಿ ಮೇಲೆ ಬರೆಸಿಕೊಂಡು ಬನ್ನಿ.