ತುಂಬಿದ ಕೆರೆ, ಒಣಗಿದ ಗದ್ದೆ

ಕೆರೆ ಕೋಡಿ ಬಿದ್ದಿದ್ದರೂ ಗದ್ದೆಯ ಪೈರು ಬಾಡುತ್ತಿದ್ದರೆ, ಬಲ್ಲ ರೈತನು ಕೆರೆಯನ್ನು ದೂರುವುದಿಲ್ಲ. ತೂಬಿನಿಂದ ಬದುವಿನವರೆಗೆ ಕಾಲುವೆಯುದ್ದಕ್ಕೂ ನಡೆದು ನೋಡುತ್ತಾನೆ. ಇಂದು ಅನೇಕ ಮನೆಗಳ ಅಂತರ್ಜಾಲದ ಸ್ಥಿತಿಯೂ ಹೀಗೆಯೇ ಇದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕಕ್ಕೆ ತಿಂಗಳು ತಿಂಗಳೂ ಹಣ ತೆರುತ್ತಾರೆ. ಆದರೆ ದೂರದೇಶದಲ್ಲಿರುವ ಮೊಮ್ಮಗಳ ಮದುವೆಯನ್ನು ಅಜ್ಜಿಯು ಟಿ.ವಿ.ಯಲ್ಲಿ ನೋಡಲು ಕುಳಿತಾಗ, ಧಾರೆಯ ಹೊತ್ತಿಗೇ ಚಿತ್ರವು ನಿಂತು ಪರದೆಯ ಮೇಲೆ ಚಕ್ರವೊಂದು ತಿರುಗತೊಡಗುತ್ತದೆ. ಮನೆಯ ಯಜಮಾನರು ಬೇಸತ್ತು ಇನ್ನೂ ದುಬಾರಿಯ ಯೋಜನೆಗೆ ಹಣ ಕಟ್ಟುತ್ತಾರೆ. ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಹೀಗೆ ವ್ಯರ್ಥವಾಗುವ ಹಣವನ್ನು ಕುರಿತು ಈ ಸಲ ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ಅಗತ್ಯವೆಷ್ಟೆಂಬುದನ್ನು ಅರಿಯಬೇಕು. ನೆಟ್‌ಫ್ಲಿಕ್ಸ್ ಸಂಸ್ಥೆಯ ಸೂಚನೆಯಂತೆ 1080 ಗೆರೆಗಳ ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ಇದ್ದರೆ ಸಾಕು. ನೂರು ಇರುವಲ್ಲಿ ಹದಿನೈದು ದೊರೆಯುತ್ತಿಲ್ಲವೆಂದರೆ ಕೊರತೆಯಿರುವುದು ಕೆರೆಯಲ್ಲಲ್ಲ. ಇನ್ನೊಂದು ಭ್ರಮೆಯೂ ಉಂಟು. 8 ಬಿಟ್ ಸೇರಿ 1 ಬೈಟ್ ಆಗುತ್ತದೆ. ಆದುದರಿಂದ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಮಾತ್ರ. ಕಂಪ್ಯೂಟರಿನಲ್ಲಿ 12 ಎಂದು ಕಂಡೊಡನೆ ಮೋಸಹೋದೆವೆಂದು ತಿಳಿಯಬಾರದು.

ಇನ್ನು ಪರೀಕ್ಷೆಯ ಕ್ರಮ. ಕಂಪ್ಯೂಟರನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿ ವೇಗವನ್ನು ಅಳೆಯಿರಿ. ತಂತಿಯಲ್ಲಿ ವೇಗವಿದ್ದು ವೈಫೈಯಲ್ಲಿ ಇಲ್ಲದಿದ್ದರೆ ದೋಷವು ಮನೆಯೊಳಗೇ ಇದೆ. ವೈಫೈಗೆ ಸಾಮಾನ್ಯವಾಗಿ ಎರಡು ಪಟ್ಟಿಗಳು. 2.4 ಗಿಗಾಹರ್ಟ್ಸ್ ಪಟ್ಟಿಯು ದೂರ ಸಾಗುತ್ತದೆ. ಆದರೆ ಅಲ್ಲಿ ಒಂದನ್ನೊಂದು ಅತಿಕ್ರಮಿಸದ ಚಾನೆಲ್‌ಗಳು 1, 6, 11 ಎಂಬ ಮೂರೇ. ನೆರೆಮನೆಗಳ ರೂಟರುಗಳೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯು ವಿಶಾಲವೂ ವೇಗವೂ ಹೌದು; ಆದರೆ ನಮ್ಮ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯನ್ನು ದಾಟುವಷ್ಟರಲ್ಲಿ ಸೊರಗುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಮರೆಮಾಡದೆ ಮನೆಯ ನಡುವೆ, ಎತ್ತರದ ತೆರೆದ ಜಾಗದಲ್ಲಿರಿಸಬೇಕು. ಸಾಧ್ಯವಾದರೆ ಟಿ.ವಿ.ಗೆ ತಂತಿಯನ್ನೇ ಎಳೆಯುವುದು ಉತ್ತಮ.

ಬಳಿಕ ಅದೇ ಚಿತ್ರವನ್ನು ಅದೇ ಜಾಗದಲ್ಲಿ ಮೊಬೈಲಿನಲ್ಲಿ ನೋಡಿರಿ. ಅಲ್ಲಿ ಸರಾಗವಾಗಿ ಓಡಿದರೆ ಟಿ.ವಿ.ಯೇ ಬಳಲಿದೆಯೆಂದು ತಿಳಿಯಿರಿ. ಅದರ ವಿದ್ಯುತ್ತನ್ನು ಪೂರ್ಣವಾಗಿ ಆರಿಸಿ ಮತ್ತೆ ಹಾಕುವುದು, ಆ್ಯಪ್‌ಗಳನ್ನು ನವೀಕರಿಸುವುದು ಖರ್ಚಿಲ್ಲದ ಚಿಕಿತ್ಸೆಗಳು. ನೇರಪ್ರಸಾರವಾದರೆ ಕಳುಹಿಸುವವರ ಸಂಪರ್ಕವೇ ಕ್ಷೀಣವಾಗಿರಬಹುದು. ಬೇರೊಂದು ಚಿತ್ರವನ್ನು ಹಾಕಿ ನೋಡಿದರೆ ನಿಜವು ತಿಳಿಯುತ್ತದೆ.

ಮನೆಯ ಯಾವುದೋ ಮೊಬೈಲು ನೂರಾರು ಫೋಟೋಗಳನ್ನು ಮೇಲಕ್ಕೆ ಕಳುಹಿಸುತ್ತಿದ್ದರೂ ತೊಡಕುಂಟು. ರೂಟರಿನಲ್ಲಿ ಸಾಲು ಬೆಳೆದು ಚಿತ್ರದ ಪುಟ್ಟ ಕೋರಿಕೆಗಳೂ ಅದರ ಹಿಂದೆ ಕಾಯಬೇಕಾಗುತ್ತದೆ. ಈ ದೋಷಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರು. ಅಂಥ ಕೆಲಸವನ್ನು ರಾತ್ರಿಗೆ ಮುಂದೂಡುವುದೇ ಸುಲಭೋಪಾಯ.

ಮನೆಯೊಳಗೆ ಎಲ್ಲವೂ ಸರಿಯಿದ್ದರೆ ಹೊರಗಿನ ಹಾದಿಯನ್ನು ನೋಡಬೇಕು. ವೇಗಮಾಪಕಗಳು ಬಹುಮಟ್ಟಿಗೆ ಹತ್ತಿರದ ಸರ್ವರಿನವರೆಗಷ್ಟೇ ಅಳೆಯುತ್ತವೆ. ಚಿತ್ರವು ಬರುವ ಹಾದಿ ಬೇರೆಯಿರಬಹುದು. ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ ‘ಫಾಸ್ಟ್ ಡಾಟ್ ಕಾಮ್’ ಆ ಸಂಸ್ಥೆಯ ಸರ್ವರುಗಳಿಂದಲೇ ಅಳೆಯುತ್ತದೆ. ವಿ.ಪಿ.ಎನ್. ಇದ್ದರೆ ಅದನ್ನು ನಿಲ್ಲಿಸಿ ಎರಡೂ ಅಳತೆಗಳನ್ನು ಹೋಲಿಸಿರಿ. ಸಂಜೆಯ ಹೊತ್ತು ಒಂದು ಹೆಚ್ಚಾಗಿ, ಇನ್ನೊಂದು ತೀರ ಕಡಿಮೆಯಾಗಿ ಕಂಡರೆ ಹಾದಿಯಲ್ಲಿ ದಟ್ಟಣೆಯಿರುವ ಸಂಭವವೇ ಹೆಚ್ಚು. ದುಬಾರಿ ಯೋಜನೆಯಿಂದ ಆ ಹಾದಿಯು ಅಗಲವಾಗದು. ಮೂರು ದಿನಗಳ ಅಳತೆಯನ್ನು ವೇಳೆಸಹಿತ ಬರೆದಿಟ್ಟು, ಸಂಪರ್ಕ ನೀಡಿದ ಕಂಪನಿಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ಪರಿಹಾರ ದೊರೆಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ ಸಂಸ್ಥೆಯ 2012ರ ನಿಯಮಾವಳಿಯು ಅವಕಾಶವಿತ್ತಿದೆ.

ಕಾರಣವನ್ನರಿಯದೆ ಸುರಿದ ಹಣವು ಒಡೆದ ಕಾಲುವೆಗೆ ಬಿಟ್ಟ ನೀರು. ಬೆವರಿನ ದುಡಿಮೆಯನ್ನು ಹಾಗೆ ಹರಿಯಬಿಡದೆ, ಮನೆಯ ಮಕ್ಕಳನ್ನು ಜೊತೆಗೂಡಿಸಿಕೊಂಡು ಒಂದು ಭಾನುವಾರ ಈ ಪರೀಕ್ಷೆಗಳನ್ನು ಮಾಡಿನೋಡಿರೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.