ಕತ್ತರಿ ಹಿಡಿದವರ ತೋಟ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ಬಗ್ಗೆ ನಾನು ಹೇಳಬೇಕಾಗಿಲ್ಲ. ನೀರಿನ ಟ್ಯಾಂಕಿನ ಮೇಲೆ 1881ರಲ್ಲಿ ಮಾಡಿದ ಆ ತೋಟದಲ್ಲಿ, ಪೊದೆಗಳನ್ನು ಕತ್ತರಿಸಿ ಮಾಡಿದ ಪ್ರಾಣಿಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಒಂದಾದರೂ ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಇದ್ದೀತು. ಈ ಕಲೆಗೆ ಇಂಗ್ಲಿಷಿನಲ್ಲಿ ಟೋಪಿಯರಿ ಎನ್ನುತ್ತಾರೆ. ಯಾರಿಗೂ ಟೋಪಿ ಹಾಕುವ ವಿದ್ಯೆಯಲ್ಲ! ಹಳೆಯ ರೋಮಿನಲ್ಲಿ ಅಲಂಕಾರದ ತೋಟ ಮಾಡುವವನಿಗೆ ಟೋಪಿಯಾರಿಯಸ್ ಎನ್ನುತ್ತಿದ್ದರು, ಅದರಿಂದ ಬಂದ ಮಾತು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಈ ಕಲೆಯ ತವರಿನಂಥ ಒಂದು ತೋಟವನ್ನು ನೋಡುವ ಯೋಗ ನನಗೆ ಬಂತು. ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗಳು, "ಮಾಮಾ, ಎರಡು ದಿನ ಹಳ್ಳೀ ಕಡೆ ಹೋಗೂಣು ಬರ್ರಿ" ಎಂದು ಎಳೆದುಕೊಂಡು ಹೋದಳು. ಗೋರೆಗಾಂವಿನಲ್ಲಿ ಬೆಳೆದ ಹುಡುಗಿ. ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ಅಜ್ಜನ ಮನೆಯಲ್ಲಿ ಕಲಿತದ್ದಷ್ಟೇ ಅವಳ ಕನ್ನಡ. ಮಾತು ಬರುತ್ತದೆ, ಅಕ್ಷರ ಬಾರದು.

ಇಂಗ್ಲೆಂಡಿನ ವಾಯವ್ಯಕ್ಕೆ ಸರೋವರಗಳ ಸೀಮೆ ಇದೆ. ಅದರ ದಕ್ಷಿಣದ ಅಂಚಿನಲ್ಲಿ, ಕೆಂಡಲ್ ಪಟ್ಟಣದಿಂದ ಎಂಟು ಕಿಲೋಮೀಟರ್ ದೂರದಲ್ಲಿ, ಕೆಂಟ್ ನದಿಯ ದಡಕ್ಕೆ ಲೆವೆನ್ಸ್ ಹಾಲ್ ಎಂಬ ಹಳೆಯ ಕಲ್ಲಿನ ಬಂಗಲೆ. ಬಸ್ಸು ಬಾಗಿಲ ಹತ್ತಿರವೇ ಇಳಿಸುತ್ತದೆ. ಇಳಿದಾಗ ಜಿನುಗು ಮಳೆ. ಒಳಗೆ ಕಾಲಿಟ್ಟರೆ ಯಾವುದೋ ದೈತ್ಯ ಮಕ್ಕಳು ಆಡಿ ಬಿಟ್ಟುಹೋದ ಆಟಿಕೆಗಳ ನಡುವೆ ನಿಂತಂತಾಯಿತು. ಒಂದು ಕಡೆ ಚದುರಂಗದ ಕಾಯಿಗಳು, ಇನ್ನೊಂದು ಕಡೆ ಕೊಡೆಗಳು, ನವಿಲುಗಳು, ನ್ಯಾಯಾಧೀಶರು ತಲೆಗಿಡುವ ಕೂದಲ ಟೋಪ, ಸಖಿಯರೊಡನೆ ನಿಂತ ಎಲಿಜಬೆತ್ ರಾಣಿ. ಎಲ್ಲವೂ ಯೂ ಮತ್ತು ಬಾಕ್ಸ್ ಎಂಬ ನಿತ್ಯಹಸಿರು ಗಿಡಗಳೇ. ಇಂಥವು ನೂರರಷ್ಟಿವೆ. ಕೆಲವು ನಮ್ಮ ಎರಡಂತಸ್ತಿನ ಮನೆಯಷ್ಟು ಎತ್ತರ.

ಈ ತೋಟ ಹಾಕಿದವನು ಗಿಯೋಮ್ ಬೋಮಾಂಟ್. ಎರಡನೆಯ ಜೇಮ್ಸ್ ದೊರೆಯ ತೋಟಗಾರನಾಗಿದ್ದವನು. ದೊರೆ 1688ರಲ್ಲಿ ಪಟ್ಟ ಕಳೆದುಕೊಂಡ. ಅವನ ಆಸ್ಥಾನದಲ್ಲಿದ್ದ ಕರ್ನಲ್ ಜೇಮ್ಸ್ ಗ್ರೇಮ್ ಲೆವೆನ್ಸ್ ಬಂಗಲೆಯನ್ನು ಕೊಂಡು, 1694ರ ಸುಮಾರಿಗೆ ಬೋಮಾಂಟನನ್ನು ಇಲ್ಲಿಗೆ ಕರೆಸಿದ. ಆಗ ಇಂಥ ತೋಟಗಳು ಇಂಗ್ಲೆಂಡಿನ ಶ್ರೀಮಂತರ ಮನೆಮನೆಗೂ ಇದ್ದವು. ಆದರೆ ಕಾಲ ಬದಲಾಯಿತು. ಕವಿ ಅಲೆಕ್ಸಾಂಡರ್ ಪೋಪ್ 1713ರಲ್ಲಿ ಪತ್ರಿಕೆಯಲ್ಲಿ ಬರೆದು ಈ ಕತ್ತರಿಸಿದ ಗಿಡಗಳನ್ನು ಗೇಲಿ ಮಾಡಿದ. ತೋಟವೆಂದರೆ ಸಹಜವಾದ ಹುಲ್ಲುಗಾವಲಿನಂತೆ ಇರಬೇಕೆಂಬ ಹೊಸ ಫ್ಯಾಷನ್ ಬಂತು. ಒಬ್ಬರನ್ನು ನೋಡಿ ಒಬ್ಬರು ಹಳೆಯ ತೋಟಗಳನ್ನು ಅಗೆದು ಹಾಕಿದರು. ಲೆವೆನ್ಸಿನವರು ಮಾತ್ರ ಅಗೆಯಲಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಇದ್ದಂತೆಯೇ ಉಳಿದಿದೆ ಎಂದುಕೊಳ್ಳಬೇಡಿ. ನಡುವೆ ಎಷ್ಟೋ ಕಾಲ ಸರಿಯಾಗಿ ನೋಡುವವರಿಲ್ಲದೆ ಗಿಡಗಳು ಆಕಾರ ಬಿಟ್ಟು ಬೆಳೆದವು. 1810ರ ಹೊತ್ತಿಗೆ ಅಲೆಕ್ಸಾಂಡರ್ ಫೋರ್ಬ್ಸ್ ಎಂಬ ತೋಟಗಾರ ಬಂದು ಅವುಗಳನ್ನು ಮತ್ತೆ ಕತ್ತರಿಸಿ ಹದಕ್ಕೆ ತಂದ. ಹೊಸ ಹೊಂಬಣ್ಣದ ಯೂ ಗಿಡಗಳನ್ನೂ ನೆಟ್ಟ. ಆದ್ದರಿಂದ ಇಂದು ನಾವು ನೋಡುವ ಆಕಾರಗಳೆಲ್ಲ ಬೋಮಾಂಟನವಲ್ಲ. ಬೇರು ಅವನದು, ರೂಪ ಆಮೇಲೆ ಕತ್ತರಿ ಹಿಡಿದವರದು. ಬೇಸಿಗೆ ಮುಗಿಯುತ್ತಲೇ ಶುರುವಾಗುವ ಕತ್ತರಿಸುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಮರುವರ್ಷ ಮತ್ತೆ ಮೊದಲಿನಿಂದ.

ಮಳೆ ಜೋರಾಯಿತೆಂದು ಚಹಾದಂಗಡಿಯಲ್ಲಿ ಕುಳಿತೆವು. ಹುಡುಗಿ ಚೀಲದಿಂದ ಒಂದು ಕಟ್ಟು ಹೊರತೆಗೆದಳು. ಹಳೆಯ ಇನ್‌ಲ್ಯಾಂಡ್ ಪತ್ರಗಳು. ಧಾರವಾಡದಿಂದ ನಮ್ಮ ಅಪ್ಪ ನನ್ನ ಅಕ್ಕನಿಗೆ ಬರೆದವು. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಅವಳ ಟ್ರಂಕಿನಲ್ಲಿ ಸಿಕ್ಕವಂತೆ.

"ಕೊಡವಾ, ಓದಿ ಹೇಳತೀನಿ" ಎಂದು ಕೈ ಚಾಚಿದೆ.

"ಬ್ಯಾಡ್ರಿ ಮಾಮಾ. ಅಜ್ಜ ಅವ್ವಗ ಬರದದ್ದು. ನಾನ ಓದಬೇಕು."

"ಇಪ್ಪತ್ತಾರು ವರ್ಷ ಆತಲ್ಲ ನಿನಗ, ಇನ್ನ ಯಾವಾಗ ಕಲಿತಿ?" ಎಂದುಬಿಟ್ಟೆ.

ಅವಳು ಮಾತಾಡಲಿಲ್ಲ. ನನಗೂ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ, "ಮಕ್ಕಳ ಜೋಡಿ ಇಂಗ್ಲಿಷ್‌ನ್ಯಾಗ ಮಾತಾಡು, ಇಲ್ಲಾಂದ್ರ ಸಾಲಿಯೊಳಗ ಹಿಂದ ಬೀಳತಾವ" ಎಂದು ಅಂದು ಅಕ್ಕನಿಗೆ ಬುದ್ಧಿ ಹೇಳಿದವನು ನಾನೇ. ನಮ್ಮ ಪೀಳಿಗೆಯ ಎಷ್ಟು ಜನ ಹೀಗೆಯೇ ಒಬ್ಬರನ್ನು ನೋಡಿ ಒಬ್ಬರು ಮನೆಯ ತೋಟ ಅಗೆದೆವೋ!

ಮಳೆ ನಿಂತ ಮೇಲೆ ಮತ್ತೊಂದು ಸುತ್ತು ಹಾಕಿದೆವು. ಒಂದು ದೊಡ್ಡ ಯೂ ಮರದ ಒಂದು ಬದಿಯನ್ನು ಬೋಳಾಗಿ, ಕಂದು ಬಣ್ಣದ ಕಟ್ಟಿಗೆ ಕಾಣುವಷ್ಟು ಕತ್ತರಿಸಿದ್ದರು. ಅಯ್ಯೋ, ಇದು ಸತ್ತೇಹೋಯಿತಲ್ಲ ಎಂದು ಹುಡುಗಿ ಅಲ್ಲಿದ್ದ ತೋಟಗಾರನನ್ನು ಕೇಳಿದಳು. ಅವನು ನಕ್ಕು ವಿವರಿಸಿದ: ಸೂಜಿ ಎಲೆಯ ಮರಗಳಲ್ಲಿ ಹೆಚ್ಚಿನವು ಹೀಗೆ ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ. ಯೂ ಹಾಗಲ್ಲ, ಹಳೆಯ ಕಟ್ಟಿಗೆಯಿಂದಲೇ ಚಿಗುರು ಒಡೆಯುತ್ತದೆ. ಆಕಾರ ತುಂಬಿಕೊಳ್ಳಲು ಕೆಲವು ವರ್ಷ ಬೇಕು, ಅಷ್ಟೇ.

ಹುಡುಗಿ ಬಗ್ಗಿ ನೋಡಿದಳು. ಬೋಳು ಕಾಂಡದ ಮೇಲೆ ಸಾಸಿವೆಯಷ್ಟು ಹಸಿರು ಚುಕ್ಕೆಗಳಿದ್ದವು. ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಗಾಜಿಗೆ ಕಟ್ಟಿದ ಹಬೆಯ ಮೇಲೆ ಬೆರಳಿನಿಂದ ಬರೆಯಲು ಹೇಳಿಸಿಕೊಂಡಳು: ಅ, ಆ, ಇ, ಈ. ಕೆಂಡಲ್ ಬರುವಷ್ಟರಲ್ಲಿ 'ಅವ್ವ' ಎಂದು ಬರೆಯಲು ಬಂತು.

ಊರಿಗೆ ಬಂದು ಒಂದು ಅಂಕಲಿಪಿ ಕೊಂಡು ಅಂಚೆಯಲ್ಲಿ ಕಳಿಸಿದೆ. ಮೊನ್ನೆ ಸಂಕ್ರಾಂತಿಯ ದಿನ ಅವಳಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಗೆರೆ ಹಾಳೆಯ ಮೇಲೆ ದಪ್ಪ ದಪ್ಪ ಅಕ್ಷರ: "ಮಾಮಾ, ಮದಲ ಪತ್ರ ಮುಗಿತು." ಪತ್ರದಲ್ಲಿ ಏನಿತ್ತೆಂದು ಅವಳು ಬರೆಯಲಿಲ್ಲ. ನಾನೂ ಕೇಳಲಿಲ್ಲ. 'ಮೊದಲ' ಎಂದು ತಿದ್ದಲೂ ಇಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕು ಇರಬಹುದು. ಈ ಭಾನುವಾರ ಇಳಿಸಿ ನೋಡಿ.