ಟೋಪಿ ಹಾಕಿಸಿಕೊಳ್ಳುವ ಮುನ್ನ

ಕಳೆದ ವರ್ಷ ನಮ್ಮ ಜವನಗೊಂಡನಹಳ್ಳಿಯಲ್ಲಿ ಅಕ್ಕನ ಮನೆಯವರು ದೇವರ ಕಾರ್ಯ ಇಟ್ಟುಕೊಂಡಿದ್ದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಹಿಂದಿನ ರಾತ್ರಿ ಹೈವೇಯಲ್ಲಿ ಬಸ್ಸಿಳಿದು ಮನೆಗೆ ಬಂದ. ಬಂದವನು ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ಊಟಕ್ಕೆ ಕೂತಾಗಲೂ ಟೋಪಿ, ಮಲಗುವಾಗಲೂ ಟೋಪಿ. ಬೆಳಿಗ್ಗೆ ಗುಡಿಯ ಬಾಗಿಲಲ್ಲಿ ಪೂಜಾರಪ್ಪ "ಟೋಪಿ ತೆಗ್ದು ಒಳಕ್ ಬಾರಪ್ಪ" ಅಂದರೆ ಹುಡುಗ ಹೊರಗೇ ನಿಂತುಬಿಟ್ಟ. ಮನೆದೇವರ ಪೂಜೆಗೆಂದೇ ಊರಿಗೆ ಬಂದವನು ಟೋಪಿಗಾಗಿ ದೇವರನ್ನೇ ಬಿಟ್ಟ. ಅಕ್ಕ ಕಣ್ಣೀರು ಹಾಕಿದಳು. ನೆಂಟರು ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಅವನ ಮೈ ಸುಡುತ್ತಿತ್ತು. ಹಿರಿಯೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಟೋಪಿ ತೆಗೆಸಿದಾಗ ನೋಡಿದೆ: ಮುಂದಲೆಯ ತುಂಬ ರಾಗಿಕಾಳಿನಂಥ ಕೆಂಪು ಚುಕ್ಕೆಗಳು, ಹಿಂದಲೆಯಲ್ಲಿ ಕೀವು. ಆರು ದಿನಗಳ ಹಿಂದೆ ಕೂದಲು ಕಸಿ ಮಾಡಿಸಿಕೊಂಡಿದ್ದ. ಆಫೀಸಿನಲ್ಲಿ ಹುಷಾರಿಲ್ಲ ಅಂದಿದ್ದ, ಮನೆಯಲ್ಲಿ ಟ್ರೈನಿಂಗ್ ಅಂದಿದ್ದ. ನೋವು ಶುರುವಾಗಿ ಮೂರು ದಿನವಾಗಿತ್ತು. ಮಾಡಿದವರಿಗೆ ಫೋನ್ ಮಾಡಿದರೆ "ಅದೆಲ್ಲ ನಾರ್ಮಲ್ ಸಾರ್" ಎಂಬ ಉತ್ತರ ಬಂದಿತ್ತು. ಬೇರೆ ಡಾಕ್ಟರ ಹತ್ತಿರ ಹೋಗಲು ನಾಚಿಕೆ. "ಯಾರ್ಗೂ ಹೇಳ್ಬೇಡ ಮಾವ" ಎಂಬುದೇ ಅವತ್ತು ಅವನು ನನಗೆ ಹೇಳಿದ ಮೊದಲ ಮಾತು. ನೋವಿನ ಮಾತು ಆಮೇಲೆ ಬಂತು.

ಹುಡುಗ ಗುಣವಾದ. ಹಿಂದಲೆಯಲ್ಲಿ ಕೂದಲು ಹುಟ್ಟದ ಗಾಯದ ಗುರುತೊಂದು ಉಳಿದಿದೆ, ಸಾಲದ ಕಂತು ಇನ್ನೂ ನಡೆಯುತ್ತಿದೆ. "ಹೆಸರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ" ಎಂದು ಅವನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ನಾನು ಒಪ್ಪಿಕೊಳ್ಳಬೇಕಾದ್ದು ಒಂದಿದೆ. ಅವನಿಗೆ 24 ವರ್ಷವಾಗಿದ್ದಾಗ, ಒಂದು ಮದುವೆಮನೆಯಲ್ಲಿ, ಎಲ್ಲರೆದುರು ಅವನನ್ನು ಮೊದಲ ಸಲ 'ಬಾಂಡ್ಲಿ' ಎಂದು ಕರೆದವನು ನಾನೇ. ಎಲ್ಲರೂ ನಕ್ಕರು. ಅವನೂ ನಕ್ಕಿದ್ದ. ಹಾಗಂತ ಅಂದುಕೊಂಡಿದ್ದೆ.

ಗಂಡಸರು ಚಂದಕ್ಕಾಗಿ ಕತ್ತರಿಗೆ ಮೈಯೊಡ್ಡಬಾರದು ಎಂಬುದು ನನ್ನ ವಾದವಲ್ಲ. ಕನ್ನಡಿ ನೋಡಿಕೊಳ್ಳುವ ಹಕ್ಕು ಹೆಂಗಸರಿಗೆಷ್ಟೋ ಗಂಡಸರಿಗೂ ಅಷ್ಟೇ. ನನ್ನ ಜಗಳ ಇರುವುದು ಇದಕ್ಕೆ ಅಂಟಿಕೊಂಡಿರುವ ಗುಟ್ಟಿನ ಜೊತೆ. ನಮ್ಮ ಗಂಡಸರು ಈ ಚಿಕಿತ್ಸೆಗೆ ಕದ್ದು ಹೋಗುತ್ತಾರೆ. ಕದ್ದು ಹೋಗುವವನು ಪ್ರಶ್ನೆ ಕೇಳುವುದಿಲ್ಲ, ಜೊತೆಗೆ ಯಾರನ್ನೂ ಕರೆದೊಯ್ಯುವುದಿಲ್ಲ, ಮೋಸವಾದರೆ ದೂರು ಕೊಡುವುದಿಲ್ಲ. ಈ ದಂಧೆಯ ಕೆಟ್ಟ ಭಾಗ ಬದುಕಿರುವುದು ಆ ಮೌನದ ಮೇಲೆ. ಕನ್ನಡದಲ್ಲಿ 'ಟೋಪಿ ಹಾಕುವುದು' ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮದು ಬರದ ಸೀಮೆ. ಒಂದು ಬೋರ್ ಕೊರೆಸಬೇಕಾದರೆ ನಮ್ಮ ಕಡೆ ಏನೆಲ್ಲ ನಡೆಯುತ್ತದೆ ನೋಡಿ. ಪಾಯಿಂಟ್ ನೋಡುವವರನ್ನು ಕರೆಸುತ್ತೇವೆ, ಒಬ್ಬರು ಹೇಳಿದ್ದು ಸಾಲದೆ ಇನ್ನೊಬ್ಬರನ್ನು ಕೇಳುತ್ತೇವೆ. ಪಕ್ಕದ ಹೊಲದವನಿಗೆ ಎಷ್ಟು ಅಡಿಗೆ ನೀರು ಬಿತ್ತು, ರಿಗ್ಗಿನವನು ಅಡಿಗೆ ಎಷ್ಟು ಕೇಳುತ್ತಾನೆ, ಕೇಸಿಂಗ್ ಪೈಪು ಯಾವುದು ಎಂದು ಹೋಟೆಲಿನಲ್ಲಿ ಕೂತು ವಾರಗಟ್ಟಲೆ ಚರ್ಚಿಸುತ್ತೇವೆ. ನೆಲ ಕೊರೆಸುವ ಮುನ್ನ ಇಷ್ಟು ಕೇಳುವ ಅದೇ ಗಂಡಸು ತನ್ನ ತಲೆ ಕೊರೆಸುವ ಮುನ್ನ ಒಬ್ಬರನ್ನೂ ಕೇಳುವುದಿಲ್ಲ. ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ಜಾಹೀರಾತು ನೋಡಿ ಮುಂಗಡ ಕಳಿಸಿಬಿಡುತ್ತಾನೆ.

"ಇದೆಲ್ಲ ಪಟ್ಟಣದವರ ಖಯಾಲಿ, ಹೊರದೇಶದ ರೋಗ" ಎನ್ನುವವರಿಗೆ ನಮ್ಮ ನೆಲಕ್ಕೇ ಸೇರಿದ ಒಂದು ಕಥೆ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠಿ ಒಕ್ಕಲಿಗ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬಾತ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಅಳತೆಗೆ ಚರ್ಮ ಬಿಡಿಸಿ, ಹುಬ್ಬುಗಳ ನಡುವಿನ ಒಂದು ಎಳೆ ಕತ್ತರಿಸದೆ ಉಳಿಸಿ ಕೆಳಕ್ಕೆ ತಿರುಗಿಸಿ ಕೂರಿಸಿದ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಈ ವಿವರವನ್ನು ಚಿತ್ರದೊಂದಿಗೆ ಪ್ರಕಟಿಸಿತು. ಇದರಿಂದ ಪ್ರೇರಿತನಾಗಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಬಗೆಯ ಶಸ್ತ್ರಚಿಕಿತ್ಸೆ ಮಾಡಿದ.

ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಹೀಗೆ ಒಬ್ಬ ಎತ್ತಿನ ಗಾಡಿಯವನ ಮುಖವಿದೆ. ಕಾವಸ್‌ಜೀಗೆ ಆದದ್ದು ಗಾಯ, ನನ್ನ ಅಳಿಯನಿಗೆ ಆದದ್ದು ಸಹಜವಾಗಿ ಉದುರಿದ ಕೂದಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಆ ಗಾಡಿಯವ ಹೊಸ ಮೂಗಿನ ಮುಖವನ್ನು ಚಿತ್ರಕಾರನ ಮುಂದೆ ಹಿಡಿದು ಕೂತ. ನೋಡಿದವರು ನೋಡಿದರು, ಬರೆದರು, ಕಲಿತರು. ಬಚ್ಚಿಡದೆ ಇದ್ದದ್ದರಿಂದ ಆ ವಿದ್ಯೆ ಬೆಳೆಯಿತು. ಬಚ್ಚಿಟ್ಟದ್ದರಿಂದ ಇವತ್ತು ಅದೇ ವಿದ್ಯೆಯ ಹೆಸರಿನಲ್ಲಿ ಮೋಸ ಬೆಳೆಯುತ್ತಿದೆ.

2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿಗೆ ಹೋದ ಯುವಕನೊಬ್ಬ ತೀರಿಕೊಂಡ. ಅವನೇ ವೈದ್ಯಕೀಯ ವಿದ್ಯಾರ್ಥಿ. ಆ ಕೇಂದ್ರಕ್ಕೆ ಇದ್ದದ್ದು ಸಲೂನಿನ ಪರವಾನಗಿ ಎಂದು ಆಮೇಲೆ ಪತ್ರಿಕೆಗಳಲ್ಲಿ ವರದಿಯಾಯಿತು. 2022ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಸತ್ತರು. ಮನೆಯವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಈ ಸಾವುಗಳಿಗೆ ಹೊಣೆ ಹೋದವರದ್ದಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಮನೆಯವರೊಬ್ಬರು ಕೂತಿದ್ದರೆ ಒಳಗಿನವರಿಗೆ ಸ್ವಲ್ಪವಾದರೂ ಭಯವಿರುತ್ತದೆ.

ಹಾಗಾದರೆ ಏನು ಕೇಳಬೇಕು? ಮೊದಲಿಗೆ, ಕೈ ಯಾರದು ಎಂದು ಕೇಳಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಸೂಚನೆ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿದ್ದು ತರಬೇತಿ ಅನ್ನಿಸಿಕೊಳ್ಳುವುದಿಲ್ಲ ಎಂದು ಹೇಳಬೇಕಾಯಿತು. ಅಂಥದ್ದನ್ನು ಹೇಳಬೇಕಾಗಿ ಬಂತು ಎನ್ನುವುದರಲ್ಲೇ ಪರಿಸ್ಥಿತಿ ಗೊತ್ತಾಗುತ್ತದೆ. ಗೋಡೆಯ ಮೇಲೆ ಒಬ್ಬ ಡಾಕ್ಟರ ಫೋಟೋ ಇರುತ್ತದೆ, ಟೇಬಲ್ಲಿನ ಹತ್ತಿರ ಬರುವ ಕೈ ಬೇರೆಯದಿರುತ್ತದೆ. ನನ್ನ ಅಳಿಯನಿಗೆ ಆದದ್ದು ಅದೇ. ಡಾಕ್ಟರ ಹೆಸರು, ಓದು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ನೋಂದಣಿಯಾಗಿರಲೇಬೇಕು ಎಂಬ ಕಾನೂನು ಕರ್ನಾಟಕದಲ್ಲಿ 2007ರಿಂದ ಇದೆ. ಆ ಪ್ರಮಾಣಪತ್ರ ಎಲ್ಲಿ ಎಂದು ಕೇಳಿ. ಅರಿವಳಿಕೆ ಕೊಡುವವರು ಯಾರು, ಉಸಿರಾಟ ಏರುಪೇರಾದರೆ ಏನು ವ್ಯವಸ್ಥೆ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಮುಂಗಡ ಹೋದರೆ ಹೋಗಲಿ.

ಎರಡನೆಯದು, ಈ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಿರಿ. ಕೂದಲು ಕಸಿಯಲ್ಲಿ ಹೊಸ ಕೂದಲೇನೂ ಹುಟ್ಟುವುದಿಲ್ಲ. ಹಿಂದಲೆಯಿಂದ ಬುಡಸಮೇತ ಕಿತ್ತು ಮುಂದೆ ನಾಟಿ ಮಾಡುತ್ತಾರೆ, ಅಷ್ಟೇ. ಹಿಂದಲೆಯ ಆ ಒಟ್ಟಲಿಗೆ ಮಿತಿಯಿದೆ, ಕಿತ್ತಲ್ಲಿ ಮತ್ತೆ ಬೆಳೆಯುವುದಿಲ್ಲ. ನಾಟಿಯಾದ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರುವುದು ಸಾಮಾನ್ಯ. ಮತ್ತೆ ಚಿಗುರಲು ಮೂರ್ನಾಲ್ಕು ತಿಂಗಳು, ಪೂರ್ತಿ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಮುಂದಿನ ತಿಂಗಳು ಹೆಣ್ಣು ನೋಡಲು ಹೋಗಬೇಕೆಂದು ಈ ತಿಂಗಳು ಮಾಡಿಸಿಕೊಳ್ಳುವವನು ಲೆಕ್ಕ ತಪ್ಪಿದ್ದಾನೆ. ಇಪ್ಪತ್ತರ ಹರೆಯದಲ್ಲಿ ಅವಸರಪಟ್ಟರೆ ಇನ್ನೊಂದು ಅಪಾಯವಿದೆ. ಸುತ್ತಲಿನ ಹಳೆಯ ಕೂದಲು ಉದುರುತ್ತಲೇ ಹೋಗುತ್ತದೆ, ನೆಟ್ಟದ್ದು ಮಾತ್ರ ನಡುಗಡ್ಡೆಯಂತೆ ಉಳಿಯುತ್ತದೆ. ಅದಕ್ಕೇ ಮಾತ್ರೆ, ಲೇಪ ಮುಂದುವರಿಸಲು ಹೇಳುತ್ತಾರೆ. ಆ ಮಾತ್ರೆಗಳಲ್ಲೊಂದಾದ ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿಯನ್ನು ಕುಗ್ಗಿಸಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳುವ ಡಾಕ್ಟರನ್ನು ನಂಬಿ.

ಗಂಡಸರು ಇನ್ನೂ ಗುಟ್ಟಾಗಿಡುವುದು ಎದೆಯ ವಿಷಯ. ಹರೆಯಕ್ಕೆ ಬರುವ ಹುಡುಗರಲ್ಲಿ ಎದೆ ಸ್ವಲ್ಪ ಊದುವುದು ಸಾಮಾನ್ಯ. ಬಹಳಷ್ಟು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ದೊಡ್ಡವರಲ್ಲಿ ಹೀಗಾದರೆ ಹಾರ್ಮೋನಿನ ಏರುಪೇರು, ಯಕೃತ್ತಿನ ಕಾಯಿಲೆ, ಕೆಲವು ಔಷಧಿಗಳು, ಜಿಮ್ಮಿನಲ್ಲಿ ಕೊಡುವ ಸ್ಟೀರಾಯ್ಡ್ ಕಾರಣವಾಗಿರಬಹುದು. ಕಾರಣ ಹುಡುಕದೆ ಕತ್ತರಿ ಹಿಡಿಯುವವನು ಬೇರು ಬಿಟ್ಟು ಎಲೆ ಸವರುತ್ತಾನೆ. ಹೊಟ್ಟೆಯ ಕೊಬ್ಬು ಹೀರಿಸುವುದು ತೂಕ ಇಳಿಸುವ ಚಿಕಿತ್ಸೆಯಲ್ಲ ಎಂಬುದೂ ಗೊತ್ತಿರಲಿ. ಬೀಡಿ, ಸಿಗರೇಟು ಸೇದುವವರ ಗಾಯ ನಿಧಾನವಾಗಿ ಮಾಗುತ್ತದೆ. ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಚಂದಕ್ಕೆಂದು ಮಾಡಿಸಿದ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕಂತಿನ ಆಸೆ ತೋರಿಸುವವನು ಈ ಮಾತು ಹೇಳುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ಡಾಕ್ಟರಿಗೆ ಕೇಳಲಾಗದು, ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ನನ್ನನ್ನು ನಾನು ಯಾರ ಕಣ್ಣಿನಿಂದ ನೋಡುತ್ತಿದ್ದೇನೆ? ದಿನಕ್ಕೆ ಗಂಟೆಗಟ್ಟಲೆ ಒಂದೇ ಕೊರತೆಯನ್ನು ಕನ್ನಡಿಯಲ್ಲಿ ನೋಡುತ್ತ, ಮತ್ತೊಬ್ಬರಿಗೆ ಕಾಣದ ದೋಷ ತನಗೆ ಮಾತ್ರ ಕಾಣುತ್ತಿದ್ದರೆ ಅದು ಮನಸ್ಸಿನ ಕಾಯಿಲೆಯೂ ಇರಬಹುದು. ಗಂಡಸರಲ್ಲೂ ಇದುಂಟು. ಕತ್ತರಿಯಿಂದ ಅದು ವಾಸಿಯಾಗುವುದು ಅಪರೂಪ, ಮನೋವೈದ್ಯರಿಂದ ಗುಣವಾಗುತ್ತದೆ. ಅಂಥ ಕಾಯಿಲೆ ಇಲ್ಲದವರ ಪಾಡು ಬೇರೆ. ಅವರ ಬೇನೆ ಬರುವುದು ಹೊರಗಿನಿಂದ, ನಮ್ಮಂಥವರ ಬಾಯಿಂದ.

ನನ್ನ ಅಳಿಯ ಕಸಿಗೆ ಹೋದದ್ದು ಮೂರು ಕಡೆ ಹೆಣ್ಣಿನವರು ಒಲ್ಲೆವೆಂದ ಮೇಲೆ. ಕೂದಲಿನಿಂದಲೇ ಎಂದು ಅವನು ನಂಬಿದ್ದ. ನಿಜವಾಗಿ ಕೇಳಿದ್ದು ಬೇರೆ: ಕೆಲಸ ಕಾಯಂ ಆಗಿದೆಯೇ, ಬೆಂಗಳೂರಿನಲ್ಲಿ ಸ್ವಂತ ಮನೆ ಇದೆಯೇ, ಊರಿನ ತೋಟಕ್ಕೆ ನೀರಿದೆಯೇ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದದ್ದು ನೆನಪಿದೆಯಲ್ಲ? ಅವರಲ್ಲಿ ತಲೆತುಂಬ ಕೂದಲಿದ್ದವರೂ ಇದ್ದರು. ಬೇಸಾಯಗಾರನ ಮನೆಗೆ ಹೆಣ್ಣು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಯಾವ ಕ್ಲಿನಿಕ್ಕಿನಲ್ಲೂ ಉತ್ತರವಿಲ್ಲ. ಆದರೆ ಆ ಪ್ರಶ್ನೆಯ ಭಾರವನ್ನು ಒಬ್ಬ ಹುಡುಗನ ನೆತ್ತಿಯ ಮೇಲಿಟ್ಟು, ನಿನ್ನ ಕೂದಲೇ ಕಾರಣ ಎಂದು ನಂಬಿಸಿ ದುಡ್ಡು ಮಾಡಬಹುದು.

ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' 2017ರಲ್ಲಿ ಬಂದಾಗ ನಾವೆಲ್ಲ ಮೆಚ್ಚಿದೆವು. ಬೋಳುತಲೆಯ ಕನ್ನಡ ಮೇಷ್ಟ್ರ ಸಂಕಟ ನೋಡಿ ಥಿಯೇಟರಿನಲ್ಲಿ ಮರುಗಿದೆವು. ಹೊರಗೆ ಬಂದು, ಗಾಡಿ ಸ್ಟಾರ್ಟ್ ಮಾಡುವ ಹೊತ್ತಿಗೆ, ಪಕ್ಕದಲ್ಲಿದ್ದ ಗೆಳೆಯನ ತಲೆ ಸವರಿ 'ಮೊಟ್ಟೆ' ಅಂದೆವು. ಹೆಂಗಸರ ಬಣ್ಣ, ಗಾತ್ರದ ಬಗ್ಗೆ ಮಾತಾಡಬಾರದು ಎಂಬ ಎಚ್ಚರ ನಮ್ಮ ಸಾಹಿತ್ಯದ ಕೂಟಗಳಲ್ಲಿ ತಡವಾಗಿಯಾದರೂ ಬಂದಿದೆ. ಗಂಡಸಿನ ತಲೆ, ಎದೆ, ಕುಳ್ಳುತನ ಮಾತ್ರ ಇನ್ನೂ ಎಲ್ಲರ ಪುಕ್ಕಟೆ ಸರಕು. "ಗಂಡ್ಸು, ತಮಾಷೆ ತಗೋಬೇಕು" ಎನ್ನುತ್ತೇವೆ. ಅದೇ ಗಂಡಸು ಆಮೇಲೆ ಕಸಿಗೆ ಹೋದರೆ "ಗಂಡ್ಸಿಗ್ಯಾಕಪ್ಪ ಸಿಂಗಾರ" ಎಂದು ಮತ್ತೆ ನಗುತ್ತೇವೆ. ಬೋಳಾದರೂ ನಗು, ಬೆಳೆಸಿಕೊಂಡರೂ ನಗು. ಈ ಎರಡು ನಗೆಗಳ ನಡುವೆ ಅವನಿಗೆ ಉಳಿಯುವುದು ಗುಟ್ಟಿನ ದಾರಿಯೊಂದೇ.

ಆದ್ದರಿಂದ ಓದುತ್ತಿರುವ ಹುಡುಗರಲ್ಲಿ ನನ್ನ ಕೋರಿಕೆ ಸಣ್ಣದು. ಮಾಡಿಸಿಕೊಳ್ಳುವುದಾದರೆ ಮಾಡಿಸಿಕೊಳ್ಳಿ, ಆದರೆ ಹೇಳಿ ಹೋಗಿ. ಅಮ್ಮನಿಗೋ ಅಣ್ಣನಿಗೋ ಗೆಳೆಯನಿಗೋ, ಒಬ್ಬರಿಗಾದರೂ ಹೇಳಿ, ಜೊತೆಗೆ ಕರೆದುಕೊಂಡು ಹೋಗಿ. ಹೇಳಲು ನಾಚಿಕೆಯಾದರೆ ಆರು ತಿಂಗಳು ತಡೆಯಿರಿ. ಕೂದಲು ಉದುರಿದ್ದು ತುರ್ತು ಕಾಯಿಲೆಯಲ್ಲ, ಯಾವ ರಿಯಾಯಿತಿಯೂ ನಾಳೆಗೇ ಮುಗಿದುಹೋಗುವುದಿಲ್ಲ.

ನನ್ನ ವಯಸ್ಸಿನವರಿಗೆ ಕೋರಿಕೆಯಲ್ಲ, ಬೇಡಿಕೆ. ಬಾಯಿ ಮುಚ್ಚಿಕೊಳ್ಳೋಣ. ಆ ಮದುವೆಮನೆಯಲ್ಲಿ ನಾನು ಆಡಿದ ಒಂದು ಮಾತಿಗೆ ಅವನ ಹಿಂದಲೆಯಲ್ಲಿ ಗುರುತು ಬಿದ್ದಿದೆ.

ಈ ಯುಗಾದಿಗೆ ಅವನು ಮತ್ತೆ ಊರಿಗೆ ಬಂದಿದ್ದ. ಮುಂದಲೆಯಲ್ಲಿ ಅಲ್ಲಲ್ಲಿ ಕೂದಲು ಬಂದಿದೆ, ಅಷ್ಟೇನಿಲ್ಲ. ಟೋಪಿ ಇರಲಿಲ್ಲ. ಗುಡಿಯೊಳಗೆ ನನ್ನ ಪಕ್ಕವೇ ನಿಂತ. ಪೂಜಾರಪ್ಪ ತೀರ್ಥ ಕೊಟ್ಟಾಗ ಕುಡಿದು, ಉಳಿದದ್ದನ್ನು ರೂಢಿಯಂತೆ ತಲೆಗೆ ಸವರಿಕೊಂಡ. ಹಿಂದೆ ನಿಂತಿದ್ದ ನೆಂಟನೊಬ್ಬ ಏನೋ ಹೇಳಲು ಬಾಯಿ ತೆರೆದ. ನಾನು ತಿರುಗಿ ನೋಡಿದೆ. ಅವನು ಸುಮ್ಮನಾದ.